ಒಳಗೇ ಸುಟ್ಟ ನೀರು

ನಾನೊಂದು ಕಾರು. ನಾಲ್ಕು ಜನ ಮೈ ಹಿಡಿಮಾಡಿಕೊಂಡು ಕೂರಬಹುದಾದ, ಬೂದು ಬಣ್ಣದ ಸಣ್ಣ ಕಾರು. ಕಾರ್ಖಾನೆಯಿಂದ ಹೊರಬಿದ್ದಾಗ ನನ್ನನ್ನು ಕೊಂಡವರು ಬೆಳಗಾವಿಯ ವಕೀಲರೊಬ್ಬರು. ಅವರು ನನ್ನನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಅವರ ಕಣ್ಣು ಮಂಜಾದ ಮೇಲೆ ಗೋಕಾಕದ ಗುರುಶಾಂತಪ್ಪನವರ ಮನೆ ಸೇರಿದೆ.

ಗುರುಶಾಂತಪ್ಪನವರು ಸಾರಿಗೆ ಬಸ್ಸಿನ ನಿವೃತ್ತ ಡ್ರೈವರ್. ಸೇವೆಯ ಉದ್ದಕ್ಕೂ ಒಂದು ಕೋಳಿಯನ್ನೂ ತುಳಿದವರಲ್ಲ ಎಂದು ಊರು ಹೇಳುತ್ತಿತ್ತು. ಊರು ಮರೆತರೆ ಅವರೇ ನೆನಪಿಸುತ್ತಿದ್ದರು. ಮಗಳು ಶಾಂಭವಿ ಗುಡ್ಡದ ಮೇಲಿನ ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಡಾಕ್ಟರು. ಅವಳಿಗೆ ಡ್ರೈವಿಂಗ್ ಕಲಿಸಿದ್ದು ನನ್ನ ಮೇಲೆಯೇ. ಅವಳು ಏರಿನಲ್ಲಿ ಹಿಂದಕ್ಕೆ ಜಾರದೆ ನನ್ನನ್ನು ಮೊದಲ ಸಲ ಎತ್ತಿದ ದಿನ, ಪಕ್ಕದಲ್ಲಿದ್ದ ಅಪ್ಪ ಮೀಸೆ ತೀಡಿಕೊಂಡಿದ್ದರು.

ಆ ಬೇಸಿಗೆಯಲ್ಲಿ ಗುರುಶಾಂತಪ್ಪನವರು ಒಬ್ಬರೇ ರಾಮದುರ್ಗಕ್ಕೆ ನೆಂಟರ ಮದುವೆಗೆ ಹೊರಟರು. ತಡವಾಗಿತ್ತು. ದಾರಿಯಲ್ಲಿ ನನ್ನ ಮೈ ಕಾದು, ಕಾವು ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಅವರು ನಿಲ್ಲಿಸಲಿಲ್ಲ. "ಬಸ್ಸು ಇದಕ್ಕಿಂತ ಕಾದ್ರೂ ಓಡಿಸೀನಿ" ಎಂದು ತಮಗೆ ತಾವೇ ಅಂದುಕೊಂಡರು. ಮಂಟಪದ ಹಿಂದೆ ನಿಲ್ಲಿಸಿ, ಟವೆಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುವಿ, ಕುದಿಯುವ ಎಂಜಿನ್ನಿಗೆ ಒಂದು ಕೊಡ ತಣ್ಣೀರು ಸುರಿದರು. ನನ್ನೊಳಗೆ ಏನೋ 'ಚಿಟ್' ಎಂದಿತು. ಅವರಿಗೂ ಕೇಳಿಸಿತು. ಕೊಡ ಹಿಡಿದ ಕೈ ಒಂದು ಗಳಿಗೆ ನಿಂತಿತು. ಸುತ್ತ ನೋಡಿದರು, ಯಾರೂ ಇರಲಿಲ್ಲ. ಬಾನೆಟ್ ಮುಚ್ಚಿ ಊಟಕ್ಕೆ ಹೋದರು.

ಅಂದಿನಿಂದ ನನ್ನ ಕೂಲೆಂಟ್, ಎಂದರೆ ಎಂಜಿನ್ ತಣಿಸುವ ನೀರು, ಕಡಿಮೆಯಾಗತೊಡಗಿತು. ನೆಲಕ್ಕೆ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ. ಎಂಜಿನ್ನಿನ ಸಂದು ಮುಚ್ಚುವ ಒಳಪಟ್ಟಿಯೊಂದು ಕೂದಲೆಳೆಯಷ್ಟು ಬಾಯಿಬಿಟ್ಟಿತ್ತು. ಏರು ಹತ್ತುವಾಗ ಏದುಸಿರು ಬಿಟ್ಟರೆ ಅಲ್ಲಿಂದ ನೀರು ಬೆಂಕಿಯ ಗೂಡಿಗೆ ಜಿನುಗಿ ಬಿಳಿ ಹೊಗೆಯಾಗಿ ಹೋಗುತ್ತಿತ್ತು. ಗುರುಶಾಂತಪ್ಪನವರು ನನ್ನನ್ನು ಸಂತೆಗೆ ಒಯ್ಯುವ ಮಟ್ಟಸ ರಸ್ತೆಯಲ್ಲಿ ಏನೂ ಆಗುತ್ತಿರಲಿಲ್ಲ. ಗುಡ್ಡ ಹತ್ತುತ್ತಿದ್ದವಳು ಶಾಂಭವಿ. ಹಾಗಾಗಿ ನನ್ನ ಎಚ್ಚರಿಕೆಯ ಹಳದಿ ದೀಪ ಹತ್ತಿದ್ದೆಲ್ಲ ಅವಳ ಎದುರಿಗೇ. ಪ್ರತಿ ಸಲ ಹತ್ತಿದಾಗಲೂ ನನಗೆ ನಾಚಿಕೆಯಾಗುತ್ತಿತ್ತು; ಬೇರೆಯವರ ತಪ್ಪಿಗೆ ಅವಳತ್ತ ಬೆರಳು ತೋರಿಸಿದಂತಿತ್ತು.

ಅವಳು ಗ್ಯಾರೇಜಿಗೆ ಒಯ್ದಳು. ಒಬ್ಬರು ಕಂಪ್ಯೂಟರ್ ಜೋಡಿಸಿ ದೀಪ ಆರಿಸಿ, ಸೆನ್ಸರಿನ ತಕರಾರು ಎಂದರು. ಇನ್ನೊಬ್ಬರು ಪೈಪು ಬದಲಿಸಿದರು. ಗುಡ್ಡ ಹತ್ತಿದೊಡನೆ ದೀಪ ಮತ್ತೆ ಹಾಜರು.

ಒಂದು ಸಂಜೆ ಮನೆಯ ಕಟ್ಟೆಯ ಮೇಲೆ ಹಳೆಯ ಡ್ರೈವರ್ ಗೆಳೆಯರು ಚಹಾಕ್ಕೆ ಕೂತಿದ್ದರು. ದೀಪ ಹೊತ್ತಿದ ನನ್ನನ್ನು ಶಾಂಭವಿ ತಂದು ನಿಲ್ಲಿಸಿದಳು. ಅಪ್ಪ ಬಾನೆಟ್ ಎತ್ತಿದರು.

"ಕೂಲೆಂಟ್ ಎಲ್ಲೈತಿ?"

"ನಿನ್ನೇನ ತುಂಬಸೀನಿ ಅಪ್ಪಾ, ಗೆರಿ ಮಟಾ."

"ತುಂಬಿಸಿದ್ದು ಎಲ್ಲಿ ಹೋತು? ಕೆಳಗ ಒಂದ್ ಹನಿ ಇಲ್ಲ."

"ಒಳಗೇನರ ಆಗಿರಬೇಕು. ದನದ ಹೊಟ್ಯಾಗ ಹುಣ್ಣಾದ್ರ ತೊಗಲ ಮ್ಯಾಲೆ ಕಾಣತೈತೇನು?"

ಗೆಳೆಯರು ನಕ್ಕರು. ಗುರುಶಾಂತಪ್ಪನವರ ಮುಖ ಬಿಗಿಯಾಯಿತು.

"ನನಗ ಗಾಡಿ ಪಾಠ ಹೇಳಬ್ಯಾಡ. ಹಾಕಿಲ್ಲಂದ್ರ ಹಾಕಿಲ್ಲನ್ನು. ಸುಳ್ಳ್ಯಾಕ?"

ಶಾಂಭವಿ ಕೀಲಿಕೈಯನ್ನು ನನ್ನ ಬಾನೆಟ್ ಮೇಲಿಟ್ಟು ಒಳಗೆ ನಡೆದಳು. ಮರುದಿನದಿಂದ ಬಸ್ಸಿಗೆ ಹೋದಳು.

ಗುರುಶಾಂತಪ್ಪನವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಬರ್ರಿ, ನಾ ಏರಸ್ತೀನಿ. ದೀಪ ಹ್ಯಾಂಗ ಹತ್ತತೈತಿ ನೋಡೂಣು" ಎಂದು ಒಂದು ದಿನ ಗೆಳೆಯರನ್ನು ಹತ್ತಿಸಿಕೊಂಡು ಗುಡ್ಡದ ದಾರಿ ಹಿಡಿದರು. ನಾನು ಉಸಿರು ಕಟ್ಟಿ ಹತ್ತಿದೆ. ಆದರೂ ತಿರುವಿನಲ್ಲಿ ದೀಪ ಹತ್ತಿತು, ಮುಳ್ಳು ಏರಿತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಅದೇ ಹೊತ್ತಿಗೆ ಮೇಲಿನಿಂದ ಬಸ್ಸು ಇಳಿದು ಬಂತು. ಅದರ ಡ್ರೈವರ್ ಹಳೆಯ ಪರಿಚಯದವನು, ನಿಲ್ಲಿಸಿದ. ಕಿಟಕಿಯಿಂದೊಂದು ತಲೆ ಹೊರಬಂತು. ಮೆಟ್ಟಿಲಿಳಿದು ಬಂದವಳು ಶಾಂಭವಿ.

ಗಡಿಬಿಡಿಯಲ್ಲಿ ಅಪ್ಪ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದರು. ಅವಳು ಮಣಿಕಟ್ಟು ಹಿಡಿದಳು.

"ತಗೀಬ್ಯಾಡ ಅಪ್ಪಾ. ಕೈ ಸುಟ್ಟಗೊಂತಿ."

ಅದನ್ನು ಅವಳಿಗೆ ಕಲಿಸಿದವರು ಅವರೇ. ಅವಳು ಬಸ್ಸನ್ನು ಕಳಿಸಿ, ನಾನು ಆರುವವರೆಗೆ ರಸ್ತೆಯಂಚಿನ ಕಲ್ಲಿನ ಮೇಲೆ ಕೂತಳು. ಗೆಳೆಯರು ಕಣಿವೆಯತ್ತ ಮುಖ ತಿರುಗಿಸಿ ನಿಂತರು. ಗುರುಶಾಂತಪ್ಪನವರು ನನ್ನ ಚಕ್ರವನ್ನೇ ನೋಡುತ್ತಿದ್ದರು.

ನನ್ನನ್ನು ಎಳೆಸಿಕೊಂಡು ಹೋದದ್ದು ಮೆಕ್ಯಾನಿಕ್ ದಾದಾಪೀರನ ಬಳಿಗೆ. ಅವನು ನನ್ನ ನೀರಿನ ದಾರಿಗೆ ಗಾಳಿ ತುಂಬಿಸಿ ಕಾದ. ಹೊರಗೆಲ್ಲೂ ತೇವವಿಲ್ಲ, ಗಾಳಿ ಮಾತ್ರ ಇಳಿಯುತ್ತಿತ್ತು. ಕಿಡಿ ಹೊತ್ತಿಸುವ ಪ್ಲಗ್ಗುಗಳನ್ನು ಬಿಚ್ಚಿದ, ಅವುಗಳಲ್ಲಿ ಒಂದು ಮಾತ್ರ ಆವಿಯಲ್ಲಿ ತೊಳೆದಂತೆ ಬೆಳ್ಳಗಿತ್ತು.

"ಹೆಡ್ ಗ್ಯಾಸ್ಕೆಟ್ ಹೋಗೈತ್ರಿ, ಎಂಜಿನ್ನಿನ ಸಂದಿ ಮುಚ್ಚೂ ಪಟ್ಟಿ. ನೀರು ಒಳಗ ಸುಟ್ಟು ಹೊಗಿ ಆಗಿ ಹೋಗಾಕತ್ತೈತಿ. ಯಾವಾಗರ ಗಾಡಿ ಭಾಳ ಕಾದಿತ್ತೇನ್ರಿ?"

ಶಾಂಭವಿ ಅಲ್ಲೇ ನಿಂತಿದ್ದಳು. ಅಪ್ಪ, "ನೆನಪಿಲ್ಲ" ಎಂದರು.

ಆ ಒಂದು ಮಾತಿಗೆ ನಾನು ಕುಸಿದುಹೋದೆ.

ರಿಪೇರಿ ಮುಗಿದ ದಿನ ಇಬ್ಬರೂ ನನ್ನಲ್ಲೇ ಮನೆಗೆ ಬಂದರು. ಬಾಗಿಲ ಮುಂದೆ ನಿಲ್ಲಿಸಿದರೂ ಯಾರೂ ಇಳಿಯಲಿಲ್ಲ.

"ನಾ ನೀರ ಹಾಕಿದ್ದೆ ಅಪ್ಪಾ."

"ಗೊತ್ತವ್ವಾ."

"ಯಾವಾಗಿಂದ ಗೊತ್ತಿತ್ತು?"

ಅವರ ಬೆರಳುಗಳು ಸ್ಟಿಯರಿಂಗನ್ನು ಬಿಗಿದು ಹಿಡಿದವು. ಅವಳು ಇಳಿದು ಹೋದಳು.

ಮರುದಿನ ಸಂಜೆ ಕಟ್ಟೆಯ ಮೇಲೆ ಅದೇ ಗೆಳೆಯರು ಕೂತಿದ್ದರು. ಒಬ್ಬರು ನನ್ನತ್ತ ಕೈ ಮಾಡಿ, "ಪಾಪ, ಹಳೇ ಗಾಡಿ, ಯಾರೇನ್ ಮಾಡಾಕಾಗತೈತಿ" ಎಂದು ಮಾತು ತೇಲಿಸಿದರು. ಶಾಂಭವಿ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ಗುರುಶಾಂತಪ್ಪನವರು ಎದ್ದು ನಿಂತರು.

"ಗಾಡೀದಲ್ಲ, ನಂದು ತಪ್ಪು. ರಾಮದುರ್ಗದ ಮದಿವಿಗೆ ಹೋದಾಗ ಮುಳ್ಳು ಕೆಂಪಗೆರಿ ಮುಟ್ಟಿದ್ರೂ ಓಡಿಸಿದೆ. ಕುದಿಯೂ ಎಂಜಿನ್ನಿಗೆ ತಣ್ಣೀರ ಹಾಕಿದೆ. ಒಡದ ಸಪ್ಪಳ ಕೇಳಿತ್ತು." ಮಗಳ ಕಡೆ ತಿರುಗಿದರು. "ಅವತ್ತಿಂದ ಗೊತ್ತಿತ್ತವ್ವಾ."

ಯಾರೂ ನಗಲಿಲ್ಲ. ಶಾಂಭವಿ ಚಹಾದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಮೊದಲ ಕಪ್ಪನ್ನು ಅಪ್ಪನ ಕೈಗೇ ಕೊಟ್ಟಳು. ಅವರು ಅದನ್ನು ಕುಡಿಯದೆ ಬಹಳ ಹೊತ್ತು ಹಿಡಿದು ನಿಂತಿದ್ದರು.

ಆಮೇಲೂ ಅವಳು ತಿಂಗಳುಗಟ್ಟಲೆ ಬಸ್ಸಿಗೇ ಹೋದಳು. ಒಂದು ಬೆಳಿಗ್ಗೆ ತಾನಾಗಿಯೇ ಕೀಲಿಕೈ ಕೇಳಿದಳು. ಎಷ್ಟೋ ವರ್ಷ ನಾನು ಅವಳನ್ನು ಗುಡ್ಡ ಹತ್ತಿಸಿದೆ.

ಈಗ ದಾದಾಪೀರನ ಅಂಗಳದ ಮೂಲೆಯಲ್ಲಿ ಚಕ್ರವಿಲ್ಲದೆ ಕೂತಿದ್ದೇನೆ. ನನ್ನ ದೀಪಗಳ ತಂತಿ ಕಿತ್ತಿದ್ದಾರೆ, ಅದಕ್ಕೆ ದುಃಖವಿಲ್ಲ. ನನಗಂತೂ ಬಾಯಿರಲಿಲ್ಲ. ಬಾಯಿದ್ದವರು ಅದನ್ನು ತೆರೆಯಲು ಎಷ್ಟು ದೊಡ್ಡ ಏರು ಹತ್ತಬೇಕಾಯಿತೆಂಬುದನ್ನು ಆ ಸಂಜೆ ಕಟ್ಟೆಯ ಮುಂದೆಯೇ ನಿಂತು ನೋಡಿದ್ದೇನೆ.