ಚಂದ್ರಮತಿಯ ನಗು

ಆಗ ನಾವು ಮಂಡಿ ಮೊಹಲ್ಲಾದ ವಠಾರದಲ್ಲಿದ್ದೆವು. ನನ್ನ ಸೊಸೆ ಚಂದ್ರಮತಿ ನಕ್ಕರೆ ಬೀದಿ ಕೊನೆಯ ಹಿಟ್ಟಿನ ಗಿರಣಿಯವರೆಗೂ ಕೇಳುತ್ತಿತ್ತು. 2006ರಲ್ಲಿ ಅವಳಿಗೆ ಎರಡನೆಯ ಹೆರಿಗೆಯಾಯಿತು. ಆಮೇಲೆ ಆ ನಗು ನಿಂತುಹೋಯಿತು.

ಬಾಣಂತಿಗೆ ಸೊಂಟ ಕಟ್ಟುವುದರಲ್ಲಿ ನನ್ನದು ಎತ್ತಿದ ಕೈ. ಹಳೆಯ ಪಂಚೆ ಮಡಿಸಿ, ಮಂಡಿಯೂರಿ ಕೂತು, ಎಳೆದೆಳೆದು ಸುತ್ತುತ್ತಿದ್ದೆ. ಆ ಸಾಂಬ್ರಾಣಿ ಹೊಗೆ ಇವತ್ತಿಗೂ ಮೂಗಿನಲ್ಲಿದೆ. ಐದು ತಿಂಗಳು ಕಳೆದರೂ ಚಂದ್ರಮತಿ ನಕ್ಕರೆ, ಕೆಮ್ಮಿದರೆ, ಕೊಡ ಎತ್ತಿದರೆ ಸೀರೆ ಒದ್ದೆ. ಕೆಳಗೆ ಏನೋ ಜಾರಿದ ಹಾಗೆ ಭಾರ ಅಂದಳು. ಕಟ್ಟು ಸಡಿಲವಾಗಿರಬೇಕೆಂದು ನಾನು ಮತ್ತೆ ಬಿಗಿದೆ. ಮಾಘದಲ್ಲಿ ಅವಳ ತಮ್ಮನ ಮದುವೆ. ಅದಕ್ಕೂ ಹೋಗುವುದಿಲ್ಲವೆಂದು ಅವಳು ಮೂಲೆ ಹಿಡಿದಳು.

ಎದುರು ಮನೆಯ ನರ್ಸ್ ಸರ್ವಮಂಗಳಾ ವಿಷಯ ತಿಳಿದು, ಸ್ಕ್ಯಾನಿಂಗ್ ಮಾಡಿಸೋಣ ಎಂದರು. ನನಗೆ ಸಿಟ್ಟು ಬಂತು.

"ಸ್ಕ್ಯಾನಿಂಗು ಬಸುರೀರಿಗೆ ತಾನೆ? ಮಗು ಇನ್ನೂ ಎದೆ ಬಿಟ್ಟಿಲ್ಲ, ಆಗ್ಲೇ ಮೂರನೇದಾ ಅಂತ ವಠಾರದೋರು ಆಡ್ಕೊಳ್ಳಲ್ವಾ?"

"ಆಡ್ಕೊಳ್ಳೋರು ಬಂದು ಸೀರೆ ಒಗೆದುಕೊಡ್ತಾರಾ ಕೆಂಚಮ್ನೋರೇ? ನೀವೂ ಬನ್ನಿ, ಕಣ್ಣಾರೆ ನೋಡಿ."

ಹೋದೆ. ಲೇಡಿ ಡಾಕ್ಟರು ಅಡ್ಡ ಪರದೆ ಎಳೆದು, ಕೈಯಲ್ಲಿ ಹಿಡಿಯುವ ಸಣ್ಣ ಸಾಧನವೊಂದನ್ನು ತೊಡೆಗಳ ನಡುವೆ ಹೊರಗಿನಿಂದಲೇ ಇಟ್ಟರು. ನೋವೇನಿಲ್ಲ. ಟೀವಿಯಂಥದ್ದರಲ್ಲಿ ಬೂದು ನೆರಳು ಮೂಡಿತು. ಕೆಮ್ಮಲು ಹೇಳಿದರು. ಅವಳು ಕೆಮ್ಮಿದಾಗ ಮೂತ್ರಚೀಲ ಕೆಳಗೆ ಜಾರಿದ್ದನ್ನು ಬೆರಳಿಟ್ಟು ತೋರಿಸಿದರು. ಅದನ್ನು ಹೊತ್ತಿರುವ ಸ್ನಾಯು ಹೆರಿಗೆಯಲ್ಲಿ ಹಿಗ್ಗಿದೆಯಂತೆ, ಹರಿದಿಲ್ಲವಂತೆ.

"ನಾನು ಬಿಗಿಯಾಗೇ ಕಟ್ಟಿದ್ದೆ ಕಣವ್ವಾ," ಅಂದೆ.

"ಮೇಲೆ ಬಿಗಿದಷ್ಟೂ ಭಾರ ಕೆಳಕ್ಕೇ ಬೀಳುತ್ತೆ ಅಜ್ಜಿ."

ಎಷ್ಟು ಬಾಣಂತಿಯರಿಗೆ ಕಟ್ಟಿದ್ದೆನೋ. ಅವರಲ್ಲಿ ಎಷ್ಟು ಜನ ನಗುವುದನ್ನು ಬಿಟ್ಟರೋ, ನಾನು ಕೇಳಲೇ ಇಲ್ಲ.

ಮೂತ್ರ ತಡೆಯುವಾಗಿನಂತೆ ಸ್ನಾಯು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ ಹೇಳಿಕೊಟ್ಟರು. ಸರಿಯಾಗಿ ಬಿಗಿಯುತ್ತಿದ್ದಾಳೆಯೇ ಎಂದು ಸ್ಕ್ಯಾನಿಂಗಿನಲ್ಲೇ ನೋಡಿದರು. ಮನೆಯಲ್ಲಿ ಅವಳು ಅದನ್ನು ದಿನವೂ ತಪ್ಪದೆ ಮಾಡಿದಳು. ಕೊಡ ಎತ್ತುವ ಕೆಲಸ ನನ್ನ ಮಗನಿಗೆ ಬಂತು. ಪಂಚೆ ಒರೆಸುವ ಬಟ್ಟೆಯಾಯಿತು.

ಮಾಘದಲ್ಲಿ ಮದುವೆ ಛತ್ರದಲ್ಲಿ ಬೀಗರು ಪಾಯಸ ಬಡಿಸುತ್ತಾ ಏನೋ ತಮಾಷೆ ಮಾಡಿದರು. ಚಂದ್ರಮತಿ ನಕ್ಕಳು. ಊಟದ ಸಾಲೆಲ್ಲ ತಿರುಗಿ ನೋಡಿತು. ನಾನು ಅವಳ ಮುಖ ನೋಡಿದೆ. ಗಾಬರಿಯಿರಲಿಲ್ಲ. ಸೀರೆಯ ಕಡೆ ಅವಳ ಕೈ ಹೋಗಲೇ ಇಲ್ಲ.

ತಾಯಂದಿರೇ, ಹೆರಿಗೆಯಾದ ಮೇಲೆ ಕೆಮ್ಮಿದರೆ ಮೂತ್ರ ಸೋರುವುದು, ಕೆಳಗೆ ಭಾರವೆನಿಸುವುದು ಹಣೆಬರಹವಲ್ಲ. ನಾಚದೆ ಡಾಕ್ಟರಿಗೆ ಹೇಳಿ. ಸ್ಕ್ಯಾನಿಂಗ್ ಬೇಕೆಂದರೆ ಹೆದರಬೇಡಿ. ಅತ್ತೆಯರೇ, ನಿಮ್ಮ ಸೊಸೆ ಈಚೆಗೆ ಯಾವಾಗ ಬಾಯ್ತುಂಬ ನಕ್ಕಳು? ಇವತ್ತೇ ಒಂದು ಮಾತು ಕೇಳಿ.