ಶಿಲುಬೆ ಕಾಣುವ ದೂರ

ಆ ಬೆಳಿಗ್ಗೆ ರೋಫಿನುಸ್ ಜೆಹಾದುನ್‌ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಕುಪಾಂಗಿನಿಂದ ಹತ್ತು ಗಂಟೆಗೆ ಬರುವ ವಿಮಾನದಲ್ಲಿ ಮಗಳು ಯುಸ್ತಿನಾ ನಲವತ್ತು ದಿನದ ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಮೊಮ್ಮಗನ ಮುಖವನ್ನು ಅವನು ಫೋನಿನಲ್ಲಷ್ಟೇ ಕಂಡಿದ್ದ. ಹೆಂಡತಿ ಬೆಳಗಿನ ಜಾವವೇ ಎದ್ದು ಕೋಳಿ ಸುಟ್ಟು, ಬಿದಿರಿನ ಬೊಂಬಿನಲ್ಲಿ ಅನ್ನ ಬೇಯಿಸಲು ಇಟ್ಟಿದ್ದಳು.

ರೋಫಿನುಸ್‌ಗೆ ಹನ್ನೊಂದು ವರ್ಷದಿಂದ ಒಂದೇ ಕೆಲಸ. ವಾಯೆ ಲೆರೋಂಗ್ ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು, ಹೊರಗೆ ಎಷ್ಟು ದೂರ ಕಾಣುತ್ತದೆ ಎಂದು ಪೈಲಟ್‌ಗಳಿಗೆ ಹೇಳುವುದು. ಅಲ್ಲಿ ವಿಮಾನಕ್ಕೆ ದಾರಿ ತೋರಿಸುವ ಯಂತ್ರವಿಲ್ಲ. ಸುತ್ತಲೂ ಬೆಟ್ಟ, ನಡುವೆ ಒಂದು ಚೂರು ರನ್‌ವೇ. ಪೈಲಟ್ ಕಣ್ಣಿಂದಲೇ ನೋಡಿಕೊಂಡು, ಬೆಟ್ಟಗಳ ನಡುವೆ ತಿರುಗಿಸಿ ಇಳಿಸಬೇಕು. ಹಾಗೆ ಇಳಿಸಬೇಕಾದರೆ ಐದು ಕಿಲೋಮೀಟರಾದರೂ ಕಾಣಬೇಕೆಂದು ಕಾನೂನು. ಗೋಪುರದ ಕಿಟಕಿಯ ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು: ಸಂತೆಯ ಛಾವಣಿ ಒಂದು, ಸೇತುವೆ ಎರಡು, ಗುಡ್ಡದ ಮೇಲಿನ ಶಿಲುಬೆ ಐದು. ಶಿಲುಬೆ ಕಂಡರೆ ಐದು ಎನ್ನಬೇಕು. ಮಳೆಗಾಲದಲ್ಲಿ ಶಿಲುಬೆ ಕಾಣದಿದ್ದರೂ ಅವನು ಐದು ಎನ್ನುತ್ತಿದ್ದ.

ನಿಲ್ದಾಣದ ಮುಖ್ಯಸ್ಥ ಸುಗೆಂಗ್, ಎಲ್ಲರೂ ಗೌರವದಿಂದ ಪಾಕ್ ಎನ್ನುತ್ತಿದ್ದವನು, ಜಾವಾದಿಂದ ವರ್ಗವಾಗಿ ಬಂದ ಮೊದಲ ವಾರವೇ ಇದನ್ನು ಖಚಿತ ಮಾಡಿದ್ದ. “ಐದು ಅಂತ ಬರ್ಕೊಳಯ್ಯ. ಪೈಲಟ್‌ಗೆ ಕಣ್ಣಿಲ್ವಾ? ಕಾಣ್ದಿದ್ರೆ ಅವನೇ ವಾಪಸ್ ಹೋಗ್ತಾನೆ.” ಪೈಲಟ್‌ಗಳನ್ನು ಕೇಳಿದರೆ, ಗೋಪುರದವರು ಐದು ಅಂದರು, ನಾವು ಇಳಿದೆವು ಅನ್ನುತ್ತಿದ್ದರು. ಹೀಗೆ ಒಬ್ಬರ ಕಣ್ಣನ್ನು ಇನ್ನೊಬ್ಬರು ನಂಬಿಕೊಂಡು, ಯಾರೂ ನೋಡದೆ, ಎಪ್ಪತ್ತು ಜನರನ್ನು ಹೊತ್ತ ವಿಮಾನ ದಿನಾ ಬೆಟ್ಟದ ಸಂದಿಯಲ್ಲಿ ಇಳಿಯುತ್ತಿತ್ತು. ನಾಚಿಕೆಗೇಡಿನ ವ್ಯವಸ್ಥೆ, ಆದರೆ ಎಲ್ಲರಿಗೂ ಅನುಕೂಲವಾಗಿತ್ತು.

ಒಂಬತ್ತೂ ನಲವತ್ತಕ್ಕೆ ರೋಫಿನುಸ್ ಪುಸ್ತಕ ತೆರೆದು ಹೊತ್ತು ಬರೆದ, ಪಕ್ಕದಲ್ಲಿ ಐದು ಎಂದು ಬರೆದ. ಆಮೇಲೆ ತಲೆ ಎತ್ತಿ ಕಿಟಕಿಯಾಚೆ ನೋಡಿದ. ಶಿಲುಬೆ ಬಿಡಿ, ಗುಡ್ಡವೇ ಇರಲಿಲ್ಲ. ಮೋಡ ಇಳಿದು ಹೊಳೆಯ ಮೇಲೆ ಕೂತಿತ್ತು. ಸೇತುವೆಯ ಒಂದು ಕಡೆಯ ಕಂಬ ಮಾತ್ರ ಮಸುಕಾಗಿ ಕಾಣುತ್ತಿತ್ತು. ನೋಡುವ ಮೊದಲೇ ಬರೆದ ತನ್ನ ಕೈಯನ್ನು ಅವನು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದ.

ರೇಡಿಯೋ ಕರಕರ ಎಂದಿತು. ಕ್ಯಾಪ್ಟನ್ ತಿಗೋರ್‌ನ ದನಿ.

“ಲೆರೋಂಗ್, ಇನ್ನು ಹದಿನೈದು ನಿಮಿಷ. ಎಷ್ಟು ಕಾಣುತ್ತೆ ಪಾಕ್ ರೋಫಿ?”

ಐದು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವನಿಗೆ ಕೂಸಿನ ಬೊಕ್ಕಬಾಯಿ ಕಣ್ಣ ಮುಂದೆ ಬಂತು. ಬರೆದದ್ದನ್ನು ಹೊಡೆದುಹಾಕಿದ.

“ಎರಡು. ಶಿಲುಬೆ ಕಾಣ್ತಿಲ್ಲ. ಎರಡೇ.”

ತಿಗೋರ್ ಜೋರಾಗಿ ನಕ್ಕ. “ಏನ್ರೀ, ನೀವೇನಾ ಮಾತಾಡ್ತಿರೋದು? ನೀವು ಐದು ಅಂದ್ರೆ ಎರಡು ಅಂತ ನಮಗೆಲ್ಲ ಗೊತ್ತು. ನೀವೇ ಎರಡು ಅಂದ್ರೆ ಅಲ್ಲಿ ನಿಮ್ಮ ಮೂಗೂ ನಿಮಗೆ ಕಾಣ್ತಿಲ್ಲ ಅಂತಾಯ್ತು. ವಾಪಸ್ ಹೋಗ್ತೀನಿ.”

ವಿಮಾನದ ಸದ್ದು ಮೋಡದ ಮೇಲೆಲ್ಲೋ ಸುತ್ತಿ ದೂರವಾಯಿತು. ಮಗಳು ಉಳಿದಳು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಅವನ ಸುಳ್ಳಿಗೆ ಪೈಲಟ್‌ಗಳು ಒಂದು ಲೆಕ್ಕಾಚಾರವನ್ನೇ ಮಾಡಿಟ್ಟುಕೊಂಡಿದ್ದರು. ಹೊಸದಾಗಿ ಬರುವ ಪೈಲಟ್‌ಗೆ ಆ ಲೆಕ್ಕಾಚಾರ ಗೊತ್ತಿರುತ್ತದೆಯೇ ಎಂದು ಹನ್ನೊಂದು ವರ್ಷದಲ್ಲಿ ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಪಾಕ್ ಸುಗೆಂಗ್ ಮೆಟ್ಟಿಲು ಹತ್ತಿ ಬಂದ. ಒಂದು ಕೈಯಲ್ಲಿ ಕರಿದ ಬಾಳೆಹಣ್ಣು, ಇನ್ನೊಂದರಲ್ಲಿ ಪ್ರಯಾಣಿಕರ ಪಟ್ಟಿ.

“ಏನಯ್ಯ ನಿನ್ನ ಕತೆ? ಪ್ರಾಂತ ಸರ್ಕಾರದ ಅತಿಥಿಗಳಿದ್ರು ಅದರಲ್ಲಿ! ನಿನ್ನೆ ಇದಕ್ಕಿಂತ ಜಾಸ್ತಿ ಮೋಡ ಇತ್ತು. ನಿನ್ನೆ ಏನಂದೆ?”

“ಐದು.”

“ಇವತ್ತೇನು ಕಣ್ಣಿಗೆ ಪೊರೆ ಬಂತಾ?”

ಸುಗೆಂಗ್ ಪಟ್ಟಿಯ ಮೇಲೆ ಎಣ್ಣೆ ಬೆರಳು ಓಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದ. ಯುಸ್ತಿನಾ ಜೆಹಾದುನ್, ಜೊತೆಗೆ ಕೂಸು. ಅವನ ಮುಖ ಮೆತ್ತಗಾಯಿತು.

“ಓಹೋ. ಮೊದಲೇ ಹೇಳ್ಬಾರ್ದಾ ಮಾರಾಯ? ನಾನೂ ಮಕ್ಕಳೊಂದಿಗ. ಅರ್ಥ ಆಗುತ್ತೆ ಬಿಡು.” ಹಲ್ಲು ಕಿರಿದು ಬೆನ್ನು ತಟ್ಟಿದ. “ನಾಳೆಯಿಂದ ಸರಿ ಹೋಗುತ್ತಲ್ಲ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಕ್ಷಮೆ ಮೈಮೇಲೆ ಜೊಲ್ಲು ಬಿದ್ದಂತಿತ್ತು. ಸುಗೆಂಗ್ ಹೋದ ಮೇಲೆ ಅಂಗಿಯ ಬೆನ್ನಿನಲ್ಲಿ ಎಣ್ಣೆಯ ಜಿಡ್ಡು ಉಳಿಯಿತು.

ಮಧ್ಯಾಹ್ನ ಅವನು ಕೆಳಗಿಳಿದು ಗೇಟಿನ ಹತ್ತಿರದ ರೆಗಿನಾಳ ಕಾಫಿ ಅಂಗಡಿಗೆ ಹೋದ. ಅವಳ ಮಗ ಕಾನಿಸ್ ಬೆಂಚಿನ ಮೇಲೆ ಒಂದು ಕಾಲು ಚಾಚಿಕೊಂಡು ಬಾಳೆಕಾಯಿ ಸುಲಿಯುತ್ತಿದ್ದ. ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಮೋಡದ ನಡುವೆ ಇಳಿದ ವಿಮಾನ ರನ್‌ವೇ ದಾಟಿ ಹಳ್ಳಕ್ಕೆ ನುಗ್ಗಿದಾಗ ಅದರಲ್ಲಿದ್ದ ಅವನ ಪಾದ ಪುಡಿಯಾಗಿತ್ತು. ವಿಚಾರಣೆಗೆ ಬಂದವರು ಗೋಪುರದ ಪುಸ್ತಕ ನೋಡಿದರು. ಐದು ಎಂದಿತ್ತು, ಕೆಳಗೆ ರೋಫಿನುಸ್‌ನ ರುಜು. ತಪ್ಪು ಪೈಲಟ್‌ನದೇ ಎಂದು ಬರೆದುಕೊಂಡು ಹೋದರು.

ರೆಗಿನಾ ಕಾಫಿ ಕೊಟ್ಟಳು. ಊರಿನವರು ದೊಡ್ಡವರನ್ನು ಕರೆಯುವಂತೆ ಅವನನ್ನು ಕ್ರಯೆಂಗ್ ಎಂದೇ ಕರೆಯುತ್ತಿದ್ದಳು. “ನಿಮ್ಮ ಹುಡುಗಿ ಅದರಲ್ಲಿ ಇದ್ಲಂತಲ್ಲ ಕ್ರಯೆಂಗ್. ದೇವರು ದೊಡ್ಡೋನು. ನೀವು ಎರಡು ಅಂದಿದ್ದಕ್ಕೆ ವಾಪಸ್ ಹೋದ್ರಂತೆ.”

ಅವನು ತಲೆಯಾಡಿಸಿದ. ಅವಳು ಬಟ್ಟೆಯಿಂದ ಮೇಜು ಒರೆಸುತ್ತ ನಿಂತಳು. ಅವಳ ಕೈ ನಿಧಾನವಾಯಿತು.

“ನಮ್ಮ ಕಾನಿಸ್ ಬಂದ ದಿನ ಇದಕ್ಕಿಂತ ಜಾಸ್ತಿ ಮೋಡ ಇತ್ತು ಅಲ್ವಾ? ಇಲ್ಲಿಂದ ನನಗೆ ಸಂತೆ ಛಾವಣೀನೂ ಕಂಡಿರ್ಲಿಲ್ಲ. ನೀವು ಮೇಲಿರ್ತೀರಲ್ಲ, ನಿಮಗೆ ಕಾಣುತ್ತೇನೋ ಅಂದ್ಕೊಂಡಿದ್ದೆ. ಅವತ್ತು ಶಿಲುಬೆ ಕಂಡಿತ್ತಾ ನಿಮಗೆ?”

ಹೌದು ಎನ್ನುವುದು ಸುಲಭವಿತ್ತು. ಅವಳು ನಂಬುತ್ತಿದ್ದಳು ಕೂಡ.

“ಇಲ್ಲ,” ಎಂದ. “ನೋಡೇ ಇರ್ಲಿಲ್ಲ ನಾನು.”

ರೆಗಿನಾ ಕೂಗಾಡಲಿಲ್ಲ. ಅವನ ಕೈಯಿಂದ ಅರ್ಧ ಕುಡಿದ ಗ್ಲಾಸು ತೆಗೆದುಕೊಂಡು ಕಾಫಿಯನ್ನು ಚರಂಡಿಗೆ ಸುರಿದಳು. ಗ್ಲಾಸನ್ನು ತೊಳೆಯುವ ಬಕೀಟಿಗೆ ಹಾಕದೆ ಸಿಪ್ಪೆಯ ಬುಟ್ಟಿಗೆ ಎಸೆದಳು. ರೋಫಿನುಸ್‌ನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಯುಸ್ತಿನಾ ಕುಪಾಂಗ್ ತಲುಪಿರಬೇಕು. ಅವನು ಎತ್ತಲಿಲ್ಲ.

ಮಾತು ಕೇಳಿಸಿಕೊಂಡಿರದ ಕಾನಿಸ್ ಬುಟ್ಟಿಯಲ್ಲಿ ಇಣುಕಿದ. “ಯಾಕಮ್ಮಾ, ಒಡೆದಿತ್ತಾ?”

“ಒಡೆದಿಲ್ಲ,” ಎಂದಳು ರೆಗಿನಾ. “ತೊಳೆದ್ರೆ ಹೋಗಲ್ಲ.”