ನಾನು ಮುಚ್ಚಿದ ಕಾಗದಗಳು

ನಾನು ಒಂದು ಲ್ಯಾಮಿನೇಷನ್ ಯಂತ್ರ. ನನ್ನನ್ನು ನೀವು ಕಂಡಿದ್ದೀರಿ, ಆದರೆ ನೋಡಿರಲಿಕ್ಕಿಲ್ಲ. ಝೆರಾಕ್ಸ್ ಅಂಗಡಿಗೆ ಬಂದವರ ಕಣ್ಣೆಲ್ಲ ದೊಡ್ಡ ಯಂತ್ರದ ಮೇಲೆ ನೆಟ್ಟಿರುತ್ತದೆ. ಅದು ಬೆಳಕು ಚೆಲ್ಲುತ್ತದೆ, ಕಾಗದ ಉಗುಳುತ್ತದೆ, ಆಗಾಗ ಕೆಟ್ಟು ಎಲ್ಲರಿಂದ ಬೈಸಿಕೊಳ್ಳುತ್ತದೆ. ನಾನು ಮೂಲೆಯ ಬೆಂಚಿನ ಮೇಲೆ ಅಡುಗೆಯವನ ಹಾಗೆ ಬಿಸಿಯಾಗುತ್ತ ಕೂತಿರುವವನು.

ದಿಲ್ಲಿಯಾಚೆಯ ಒಂದು ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ನಾಲ್ಕು ರಬ್ಬರ್ ಉರುಳೆ, ಒಳಗೊಂದು ಕಾಯುವ ಕಂಬಿ, ಮೇಲೆ ತಗಡಿನ ಮುಚ್ಚಳ, ಎದುರಿಗೆ ಎರಡು ದೀಪ. ಕೆಂಪು ಹತ್ತಿದರೆ ಕಾಯಬೇಕು, ಹಸಿರು ಹತ್ತಿದರೆ ಕೊಡಬೇಕು. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಕಾಗದವಿಟ್ಟು ನನ್ನ ಬಾಯಿಗೆ ಕೊಟ್ಟರೆ, ಆ ಕಡೆಯಿಂದ ಹೊಳೆಯುತ್ತ ಹೊರಬರುತ್ತದೆ. ನೀರು ಹೋಗದು, ಧೂಳು ಹೋಗದು, ಗೆದ್ದಲಿಗೂ ಹಲ್ಲು ಊರಲಾಗದು. ಒಳಗೆ ಏನನ್ನೂ ಬಿಡದಿರುವುದೇ ನನ್ನ ಕಸುಬು.

ಇನ್ನೊಂದು ಮಾತು. ನನ್ನ ಬಾಯೊಳಗೆ ಹೋದದ್ದನ್ನೆಲ್ಲ ನಾನು ಓದುತ್ತೇನೆ, ಮೇಲಿನ ಉರುಳೆಯಿಂದ ಮುಂಭಾಗ, ಕೆಳಗಿನದರಿಂದ ಹಿಂಭಾಗ. ಜಾತಿ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಹೋಟೆಲಿನ ದರಪಟ್ಟಿ, ಕಾಲೇಜಿನವರ ಹಾಲ್ ಟಿಕೆಟ್ಟು, ಎಲ್ಲವನ್ನೂ. ಜನ ಸಾಮಾನ್ಯವಾಗಿ ತಮ್ಮ ಕಾಗದಗಳ ಮುಂಭಾಗವನ್ನಷ್ಟೇ ಓದಿರುತ್ತಾರೆ.

ಮೊದಲ ಒಡೆಯ ರಾಯಚೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಬಸವಂತರಾಯ. ಆತ ದೇವರ ಪಟಗಳನ್ನೂ ಸತ್ತವರ ಫೋಟೊಗಳನ್ನೂ ಒಂದೇ ಶ್ರದ್ಧೆಯಿಂದ ನನ್ನೊಳಗೆ ಕಳಿಸುತ್ತಿದ್ದ. ಅಲ್ಲಿ ಎಂಟು ವರ್ಷ ಸುಖವಾಗಿದ್ದೆ. ಜನ ಫೋಟೊಗಳನ್ನು ಮೊಬೈಲಿನಲ್ಲೇ ಇಟ್ಟುಕೊಳ್ಳತೊಡಗಿದ ಮೇಲೆ ಸ್ಟುಡಿಯೊ ಬಾಗಿಲು ಹಾಕಿತು. ನನ್ನನ್ನು ಒಯ್ದವನು ನಿತಾಯಿ ಬೈರಾಗಿ. ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು, ದಾರಿಯುದ್ದಕ್ಕೂ ನನ್ನ ತಂತಿಯನ್ನು ಕೈಗೆ ಸುತ್ತಿಕೊಂಡು ಹೊರಟ. ಪಕ್ಕದವನೊಬ್ಬ, "ಬೈರಾಗಿ ಅಂತ ಹೆಸರು, ಸಂಸಾರ ಬಾಳ ಜೋರ್ ಐತಲ್ರಿ" ಎಂದು ನಕ್ಕ. ನಿತಾಯಿಯೂ ನಕ್ಕ.

ಅವನ ಊರು ಊರಲ್ಲ, ಕ್ಯಾಂಪು. ತುಂಗಭದ್ರೆಯ ಕಾಲುವೆ ನೀರು ಹರಿಯುವ ಸೀಮೆಯಲ್ಲಿ, ಐವತ್ತು ಚಿಲ್ಲರೆ ವರ್ಷದ ಹಿಂದೆ, ಗಡಿ ದಾಟಿ ಬಂದ ಬಂಗಾಳಿಗಳಿಗೆ ಸರ್ಕಾರ ಗದ್ದೆ ಕೊಟ್ಟು ಕೂರಿಸಿದ ಜಾಗ. ಇಂದಿಗೂ ಅದನ್ನು ಕ್ಯಾಂಪು ಎಂದೇ ಕರೆಯುತ್ತಾರೆ, ನಾಳೆ ಬೆಳಿಗ್ಗೆ ಗುಡಾರ ಕಿತ್ತುಕೊಂಡು ಹೊರಡುವವರ ಹಾಗೆ. ಮನೆ ಹಿಂದೊಂದು ಮೀನಿನ ಹೊಂಡ, ಮುಂದೊಂದು ತುಳಸಿ, ಹೆಂಗಸರ ಕೈಯಲ್ಲಿ ಶಂಖದ ಬಳೆ. ಮನೆಯೊಳಗೆ ಬಂಗಾಳಿ, ಹೊಸ್ತಿಲು ದಾಟಿದರೆ ರಾಯಚೂರು ಕಡೆಯ ಅಪ್ಪಟ ಕನ್ನಡ. ಅವರು ತಮ್ಮೊಳಗೆ ಆಡಿಕೊಂಡದ್ದನ್ನೂ ನಾನು ಕನ್ನಡದಲ್ಲೇ ಹೇಳುತ್ತೇನೆ. ನನಗೆ ಅದು ಹಾಗೆಯೇ ನೆನಪಿದೆ.

ಮನೆಯ ಮುಂದಿನ ಕೋಣೆಯೇ ಅಂಗಡಿ, ಹೆಸರು ಮಾ ಶೀತಲಾ ಝೆರಾಕ್ಸ್. ಅಲ್ಲಿ ನನಗೆ ವರ್ಷಕ್ಕೆ ಎರಡು ಪೂಜೆ. ಬಂಗಾಳಿಗಳ ವಿಶ್ವಕರ್ಮ ಪೂಜೆಯಂದು ಒಂದು, ಕನ್ನಡದವರ ಆಯುಧಪೂಜೆಯಂದು ಇನ್ನೊಂದು. ಎರಡೂ ಸಲ ಹಣೆಗೆ ಕುಂಕುಮ ಇಡುತ್ತಿದ್ದರು, ಎರಡೂ ಸಲ ಅದು ಬಿಸಿಗೆ ಕರಗಿ ಹಸಿರು ದೀಪದ ಮೇಲೆ ಇಳಿಯುತ್ತಿತ್ತು. ಹೀಗಾಗಿ ಕೆಲವು ದಿನ ನನ್ನ ಎರಡೂ ದೀಪ ಕೆಂಪಾಗಿಯೇ ಕಾಣುತ್ತಿದ್ದವು.

ನನಗೆ ಮಹತ್ವ ಬಂದದ್ದು ಉಪಕಾಲುವೆ ಒಡೆದ ವರ್ಷ. ಬೆಳಗಿನ ಹೊತ್ತಿಗೆ ಮನೆಮನೆಯಲ್ಲಿ ಮೊಳಕಾಲುದ್ದ ನೀರು. ಜನ ಮೊದಲು ಎತ್ತಿದ್ದು ಅಕ್ಕಿಯನ್ನಲ್ಲ, ಕಾಗದವನ್ನು. ಬಿಸ್ಕತ್ತಿನ ಡಬ್ಬಿ, ದಿಂಬಿನ ಚೀಲ, ಬಿದಿರಿನ ಕೊಳವೆ, ಎಲ್ಲವನ್ನೂ ತಲೆಯ ಮೇಲಿಟ್ಟುಕೊಂಡು ಕಾಲುವೆ ದಂಡೆಗೆ ಹತ್ತಿದರು. ಆದರೂ ಎಷ್ಟೋ ಕಾಗದ ಗಂಜಿಯಾದವು. ನೀರಿಳಿದ ವಾರ ನಿತಾಯಿ ಮನೆಮನೆಗೆ ಹೋಗಿ ಹೇಳಿದ: "ಉಳಿದಿದ್ದನ್ನರ ತರ್ರಿ. ಒಂದ್ ಸಲ ಮುಚ್ಚಿ ಕೊಟ್ಟೆ ಅಂದ್ರ ನೂರ್ ವರ್ಷ ಏನೂ ಆಗಂಗಿಲ್ಲ."

ಬಂದರು. ಆಮೇಲೆ ಅದೇ ಪದ್ಧತಿಯಾಯಿತು. ಕ್ಯಾಂಪಿನಲ್ಲಿ ಮಗು ಹುಟ್ಟಿದರೆ ಹೆಸರಿಡುವುದು ತಡವಾದರೂ ಜನನ ಪತ್ರ ಪ್ಲಾಸ್ಟಿಕ್ಕಿಗೆ ಬೀಳುವುದು ತಡವಾಗುತ್ತಿರಲಿಲ್ಲ. ಮುಚ್ಚಿದ ಕಾಗದವನ್ನು ಗೋಡೆಗೆ, ದೇವರ ಪಕ್ಕಕ್ಕೆ ತೂಗುಹಾಕುತ್ತಿದ್ದರು.

ಹಳೆಯ ಕಾಗದಗಳದ್ದು ಒಂದು ತೊಂದರೆ. ಗಡಿ ದಾಟಿ ಬಂದಾಗ ಕೊಟ್ಟ ಅರವತ್ತರ ದಶಕದ ನೋಂದಣಿ ಚೀಟಿಗಳು ಹಳೆ ಪಂಚೆಯಂತೆ ಮೆತ್ತಗಾಗಿ ನನ್ನ ಉರುಳೆಗೆ ಸಿಕ್ಕಿ ಸುಕ್ಕಾಗುತ್ತಿದ್ದವು. ನಿತಾಯಿ ಉಪಾಯ ಹುಡುಕಿದ. ಚೀಟಿಯ ಬೆನ್ನಿಗೆ ಅಂಟು ಸವರಿ, ಗಟ್ಟಿಯಾದ ಲಗ್ನಪತ್ರಿಕೆಯ ತುಂಡಿಗೆ ಹಚ್ಚಿ, ಆಮೇಲೆ ನನಗೆ ಕೊಡುತ್ತಿದ್ದ. ಲಗ್ನಪತ್ರಿಕೆ ಕೊಟ್ಟವರು ಪಕ್ಕದೂರಿನ ಶಾಲೆಯ ಶರಣಪ್ಪ ಮಾಸ್ತರರು. ಮಗಳ ಮದುವೆಗೆ ಐನೂರು ಅಚ್ಚು ಹಾಕಿಸಿದ್ದರು, ಇನ್ನೂರರಷ್ಟು ಉಳಿದಿದ್ದವು. "ಬಂಧುಗಳು ಕಡಿಮಿ ಬಿದ್ರು, ಪತ್ರಿಕೆ ಹೆಚ್ಚಾದುವು, ನಿನಗಾರ ಉಪಯೋಗಕ್ಕ ಬರ್ಲಿ ತಗಾ" ಎಂದು ಕಟ್ಟು ಇಟ್ಟುಹೋಗಿದ್ದರು. ನಲವತ್ತು ಮನೆಯ ಚೀಟಿಗಳು ಹೀಗೆ ಮಾಸ್ತರರ ಮಗಳ ಮದುವೆಯ ಮೇಲೆ ಒರಗಿಕೊಂಡವು.

ತನ್ನದನ್ನು ಕೊಡಲು ಒಪ್ಪದವಳು ಒಬ್ಬಳೇ. ನಿತಾಯಿಯ ತಾಯಿ ಕ್ಷಾಂತಮಣಿ. ಗಡಿ ದಾಟಿದಾಗ ಅವಳಿಗೆ ಹದಿನೇಳು. ತಂಗುಕ್ಯಾಂಪಿನಲ್ಲಿ ಕೊಟ್ಟ ನೋಂದಣಿ ಚೀಟಿಯನ್ನು ಹಳೆ ಸೀರೆಗಳ ಕೌದಿಯೊಳಗೆ ಹೊಲಿದಿಟ್ಟಿದ್ದಳು. ಓದು ಬಾರದು, ಆದರೆ ಅದರ ಸಂಖ್ಯೆ ಬಾಯಿಪಾಠ: ನಾನೂರ ಹದಿನೇಳು.

"ಕಾಗದಾನೂ ಉಸುರಾಡಬೇಕಲೇ. ಬಿಡು ಅದನ್ನ" ಎಂದಳು.

"ಉಸುರಾಡಿ ಉಸುರಾಡಿ ನುಸಿ ಹಿಡೀತಾವ, ಅಮ್ಮಾ. ಊರ ಮಂದಿದೆಲ್ಲ ಮಾಡೀನಿ. ನಮ್ಮನಿದೇ ಬಿಟ್ರ ನಗತಾರ."

ಮೂರು ತಿಂಗಳು ಕಾಡಿದ ಮೇಲೆ ಕೌದಿಯ ಹೊಲಿಗೆ ಬಿಚ್ಚಿದಳು. ಚೀಟಿ ತೇವವಾಗಿತ್ತು. ಆರಲೆಂದು ನಿತಾಯಿ ಅದನ್ನು ನನ್ನ ಬೆಚ್ಚಗಿನ ಮುಚ್ಚಳದ ಮೇಲೆ ಅಂಗಾತ ಹಾಸಿದ. ಹಾಗಾಗಿ ಅದರ ಬೆನ್ನನ್ನು ನಾನು ಪೂರ್ತಿ ಓದಿದೆ. ನೇರಳೆ ಬಣ್ಣದ ದುಂಡು ಮೊಹರು, ಒಬ್ಬ ಅಧಿಕಾರಿಯ ಅವಸರದ ಸಹಿ, ತಾರೀಖು, ಅದರ ಕೆಳಗೆ ನಿತಾಯಿಯ ಅಪ್ಪನ ಹೆಬ್ಬೆಟ್ಟು. ಆತ ತೀರಿಕೊಂಡು ಬಹಳ ವರ್ಷವಾಗಿತ್ತು. ಲೋಕದಲ್ಲಿ ಅವನದೆಂದು ಉಳಿದಿದ್ದದ್ದು ಆ ಹೆಬ್ಬೆಟ್ಟೊಂದೇ. ನಿತಾಯಿ ಅದರ ಮೇಲೆ ಅಂಟು ಸವರಿದ. ಹಸಿರು ದೀಪ ಹತ್ತಿತು. ನಾನು ನನ್ನ ಕೆಲಸ ಮಾಡಿದೆ. ಇಷ್ಟು ಚೆಂದಾಗಿ ಯಾವುದನ್ನೂ ಮುಚ್ಚಿರಲಿಲ್ಲ, ಒಂದು ಗುಳ್ಳೆಯೂ ಇರಲಿಲ್ಲ.

ಹತ್ತು ವರ್ಷ ಕಳೆಯಿತು. ಆಮೇಲೆ ಒಂದು ಮಂಗಳವಾರ ಶರಣಪ್ಪ ಮಾಸ್ತರರು ಮೊಬೈಲು ಹಿಡಿದು ಅಂಗಡಿಗೆ ಬಂದರು. ಪೌರತ್ವದ ನಿಯಮ ಬದಲಾಗುತ್ತದಂತೆ ಎಂಬ ಸುದ್ದಿ ಅಷ್ಟರಲ್ಲಾಗಲೇ ಚಹಾದಂಗಡಿ ತನಕ ಬಂದಿತ್ತು. ಮಾಸ್ತರರು ತಂದಿದ್ದು ಕರಡು.

"ಇನ್ನಾ ಕರಡು ಐತಪಾ, ಹೆದರಬ್ಯಾಡ. ಮೂವತ್ತು ದಿನದಾಗ ಆಕ್ಷೇಪ ಇದ್ರ ತಿಳಸ್ರಿ ಅಂದಾರ."

"ಯಾರಿಗ್ರಿ?"

"ಅದನ್ನ ಇನ್ನೂ ಹೇಳಿಲ್ಲ" ಎಂದರು ಮಾಸ್ತರರು. ಆಮೇಲೆ ಕನ್ನಡಕ ಏರಿಸಿ ಓದಿದರು. ಹೊರಗಿನಿಂದ ಬಂದು ನೆಲೆಸಿದ ಕುಟುಂಬಗಳು ಮೊದಲ ನೋಂದಣಿಯ ಮೂಲ ಚೀಟಿಯನ್ನು, ಎರಡೂ ಬದಿ ಪರಿಶೀಲಿಸಲು ಬರುವಂತೆ, ಯಾವುದೇ ಲೇಪನವಿಲ್ಲದೆ ಹಾಜರುಪಡಿಸತಕ್ಕದ್ದು. ಹಿಂಬದಿಯ ಮೊಹರು ಕಾಣದ ಚೀಟಿಯನ್ನು ಚೀಟಿಯೆಂದು ಪರಿಗಣಿಸತಕ್ಕದ್ದಲ್ಲ. ಅಂಥ ಕುಟುಂಬದ ಎಲ್ಲ ಸದಸ್ಯರ ಹೆಸರನ್ನು, ಮುಂದಿನ ಆದೇಶದವರೆಗೆ, ಪೌರರ ಪಟ್ಟಿಯಿಂದ ಬೇರ್ಪಡಿಸಿ ಇಡತಕ್ಕದ್ದು.

ನಿತಾಯಿ ನನ್ನ ಕಡೆ ನೋಡಿದ. ಎಷ್ಟೋ ವರ್ಷದಲ್ಲಿ ಅವನು ನನ್ನನ್ನು ನೋಡಿದ್ದು ಅದೇ ಮೊದಲು.

ಅವನ ಮನೆಯಲ್ಲಿ ಒಂಬತ್ತು ಜನ. ಅವನು, ತಮ್ಮ, ಇಬ್ಬರ ಹೆಂಡಂದಿರು, ನಾಲ್ಕು ಮಕ್ಕಳು, ತಾಯಿ. ಗದ್ದೆ, ಮನೆ, ಓಟು, ಮಕ್ಕಳ ಶಾಲೆ, ಎಲ್ಲದರ ಬೇರೂ ನಾನೂರ ಹದಿನೇಳನೆಯ ಚೀಟಿಯಲ್ಲಿತ್ತು.

ಮರುದಿನದಿಂದ ಜನ ಬರತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಗೋಡೆಯಿಂದ ಇಳಿಸಿದ ಹೊಳೆಯುವ ಚೀಟಿಯನ್ನು ಕೌಂಟರಿನ ಮೇಲಿಟ್ಟು ನಿಲ್ಲುತ್ತಿದ್ದರು. ಮೀನು ಮಾರುವ ಬಿಷ್ಣುಪದ ಮಂಡಲ ಮಾತ್ರ ಬುಟ್ಟಿ ಇಳಿಸಿ ಹೇಳಿದ:

"ಹಾಕಾಕ ಬಂದಿತ್ತಲ್ಲೋ ನಿತಾಯಿ, ತಗಿಯಾಕ ಬರಂಗಿಲ್ಲೇನು?"

"ನೋಡ್ತೀನಿ."

"ನೋಡು ಮತ್ತ. ಮೀನಿನ ಚರ್ಮ ಸುಲಿದಂಗ ನಿಧಾನ ಸುಲಿ. ಮಾಂಸ ಹತ್ತಿ ಬರಬಾರ್ದು."

ನಿತಾಯಿ ಒಂದು ಹಳೆ ಹಾಲ್ ಟಿಕೆಟ್ಟನ್ನು ಹುಡುಕಿ ಪ್ರಯೋಗಕ್ಕೆ ಕೂತ. ನನ್ನನ್ನು ಚೆನ್ನಾಗಿ ಕಾಯಿಸಿ, ಅದನ್ನು ಇನ್ನೊಮ್ಮೆ ನನ್ನೊಳಗೆ ಕಳಿಸಿ, ಬಿಸಿ ಇರುವಾಗಲೇ ಬ್ಲೇಡಿನಿಂದ ಅಂಚು ಕೊಯ್ದು ಎಳೆದ. ಪ್ಲಾಸ್ಟಿಕ್ ಬಂತು, ಅದರೊಂದಿಗೆ ಅಕ್ಷರಗಳೂ ಬಂದವು. ನನಗಿದು ಮೊದಲೇ ಗೊತ್ತಿತ್ತು. ನನ್ನ ಬಿಸಿಗೆ ಪ್ಲಾಸ್ಟಿಕ್ಕಿನ ಅಂಟು ಕರಗಿ ಕಾಗದದ ಎಳೆಯೊಳಗೇ ಇಳಿಯುತ್ತದೆ. ತೆಗೆಯುವ ಗುಂಡಿಯೊಂದನ್ನು ಇಡಬೇಕೆಂದು ಆ ತಗಡಿನ ಶೆಡ್ಡಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವನು ಇಸ್ತ್ರಿಪೆಟ್ಟಿಗೆ ಹಚ್ಚಿದ, ಹಬೆ ಹಿಡಿದ, ಐಸಿನ ಮೇಲಿಟ್ಟ. ಎಂಟು ಹಾಲ್ ಟಿಕೆಟ್ಟು ಸತ್ತವು. ಒಂಬತ್ತನೆಯದು ಅರ್ಧ ಉಳಿಯಿತು. ಅದನ್ನು ಹಿಡಿದುಕೊಂಡು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಕ್ಷಾಂತಮಣಿ ಒಳಬಂದಳು. ಕೈಯಲ್ಲಿ ಚೀಟಿ ಇತ್ತು.

"ನಂದು ಮೊದಲ ಬಿಚ್ಚು."

"ಅಮ್ಮಾ, ಇನ್ನಾ ಸರಿ ಕೈ ಕೂತಿಲ್ಲ."

"ಅದಕ್ಕ ಹೇಳೋದು. ಮಂದೀದು ಕೆಡಿಸಿ ಕೈ ಕೂಡಿಸ್ಕೋತಿಯೇನು?"

"ಕರಡು ಬದಲಾಗಬೌದು. ಕಾಯೋಣು."

"ನಾನು ಕಾದೀನಿ. ಒಂದ್ ಕಡೆ ಅಲ್ಲ, ಮೂರ್ ಕಡೆ ಕ್ಯಾಂಪಿನ್ಯಾಗ ಕಾದೀನಿ. ಕಾದವ್ರನ್ನ ಯಾರೂ ಹುಡುಕ್ಕೊಂಡು ಬಂದು ಒಳ್ಳೇ ಸುದ್ದಿ ಹೇಳಿಲ್ಲ. ಬಿಚ್ಚು, ನಿತಾಯಿ."

ಮಾಸ್ತರರೂ ಅಲ್ಲಿದ್ದರು. ನನ್ನ ಹಸಿರು ದೀಪ ಹತ್ತಿತು. ಹತ್ತದಿರುವುದು ನನ್ನ ಕೈಯಲ್ಲಿದ್ದಿದ್ದರೆ ಹತ್ತುತ್ತಿರಲಿಲ್ಲ.

ಚೀಟಿ ನನ್ನೊಳಗೆ ಎರಡನೆಯ ಬಾರಿ ಹೋಗಿ ಬಂತು. ಮುಂಭಾಗದ ಪ್ಲಾಸ್ಟಿಕ್ಕನ್ನು ಅವನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತಿದ. ಮೊದಲು ಸಂಖ್ಯೆ ಎದ್ದು ಪ್ಲಾಸ್ಟಿಕ್ಕಿಗೆ ಹೋಯಿತು, ಆಮೇಲೆ ಅಪ್ಪನ ಹೆಸರು, ಆಮೇಲೆ ತಾಯಿಯದು. ಎಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಅಲ್ಲಿಗೇ ನಿಲ್ಲಿಸಲು ಮಾಸ್ತರರು ಹೇಳಿದರು. ಅವನಿಗೆ ಕೇಳಿಸಲಿಲ್ಲ. ಬೆನ್ನಿನ ಮೊಹರಾದರೂ ಉಳಿದರೆ ಸಾಕೆಂದು ಲಗ್ನಪತ್ರಿಕೆಯನ್ನು ಬಿಡಿಸತೊಡಗಿದ. ಪತ್ರಿಕೆ ಬಿಟ್ಟಿತು. ಮೊಹರು ಪತ್ರಿಕೆಯ ಜೊತೆಗೇ ಹೋಯಿತು.

ಕೌಂಟರಿನ ಮೇಲೆ ಮೂರು ತುಂಡುಗಳಿದ್ದವು. ಹೆಸರುಗಳು ಹತ್ತಿದ ಪ್ಲಾಸ್ಟಿಕ್ಕು. ಈರುಳ್ಳಿ ಸಿಪ್ಪೆಯಂಥ ಖಾಲಿ ಕಾಗದ. ಮಾಸ್ತರರ ಮಗಳ ಲಗ್ನಪತ್ರಿಕೆ, ಅದರಲ್ಲಿ 'ತಾವು ಸಕುಟುಂಬ ಸಪರಿವಾರ ಆಗಮಿಸಿ' ಎಂಬ ಸಾಲಿನ ಮೇಲೆ ಅಡ್ಡಡ್ಡ ಕೂತ ನೇರಳೆ ಮೊಹರು, ಅದರ ಕೆಳಗೆ ಅರ್ಧ ಹೆಬ್ಬೆಟ್ಟು.

ಕ್ಷಾಂತಮಣಿ ಆ ಅರ್ಧ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟಳು. ಉಜ್ಜಲಿಲ್ಲ, ಇಟ್ಟಳು ಅಷ್ಟೆ. ಆಮೇಲೆ ಖಾಲಿ ಕಾಗದವನ್ನೂ ಸೇರಿಸಿ ಮೂರನ್ನೂ ಸೆರಗಿನಲ್ಲಿ ಕಟ್ಟಿಕೊಂಡು, "ಉಳಿದವ್ರದ್ದು ಮುಟ್ಟಬ್ಯಾಡ" ಎಂದು ಹೊರಟುಹೋದಳು.

ಉಳಿದವರು ತಮ್ಮ ಚೀಟಿಗಳನ್ನು ಹಾಗೇ ಒಯ್ದರು. ಬಿಚ್ಚಿದರೆ ಚೀಟಿ ಉಳಿಯದು, ಬಿಚ್ಚದಿದ್ದರೆ ಲೆಕ್ಕಕ್ಕೆ ಬಾರದು. ಬಿಷ್ಣುಪದ ತನ್ನದನ್ನು ಮತ್ತೆ ದೇವರ ಪಕ್ಕಕ್ಕೆ ತೂಗುಹಾಕಿದನಂತೆ. "ಇಬ್ರೂ ಕುಂದ್ರಲಿ, ಯಾರ್ ಕೈ ಹಿಡೀತಾರ ನೋಡೋಣು" ಎಂದನಂತೆ.

ನನ್ನ ತಂತಿ ಸುತ್ತಿ ಬೆಂಚಿನ ಕೆಳಗೆ ಇಟ್ಟರು. ಗುಜರಿಯವನು ಒಮ್ಮೆ ಕೇಳಿದ. "ಕೊಡಬ್ಯಾಡೋ, ನಾಳೆ ಯಾಕ ಹಿಂಗಾತು ಅಂತ ಕೇಳಿದ್ರ ತೋರಸಾಕರ ಬೇಕಲ್ಲ" ಎಂದರು ಮಾಸ್ತರರು. ಹೀಗೆ ನಾನು ಸಾಕ್ಷಿಯಾಗಿ ಉಳಿದೆ. ನಿಜಕ್ಕೂ ಒಳ್ಳೆಯ ಸಾಕ್ಷಿ ನಾನು. ಆ ನಲವತ್ತು ಚೀಟಿಗಳ ಮುಂಭಾಗವೂ ಹಿಂಭಾಗವೂ ನನಗೆ ಗೊತ್ತು, ಎಲ್ಲವೂ ನನ್ನ ಬೆನ್ನ ಮೇಲೆ ಆರಿಯೇ ಒಳಗೆ ಬಂದವು. ಯಾವ ಸಹಿ ಯಾವ ತಾರೀಖಿನದು, ಯಾರ ಹೆಬ್ಬೆಟ್ಟಿನಲ್ಲಿ ಯಾವ ಗೆರೆ ಕತ್ತರಿಸಿತ್ತು, ಹೇಳಬಲ್ಲೆ. ಕೇಳುವವರಿಲ್ಲ.

ಮೂವತ್ತು ದಿನ ಮುಗಿದವು. ಕರಡು ಕಾನೂನಾಯಿತೇ, ಬಿದ್ದುಹೋಯಿತೇ, ಯಾರಿಗೂ ಗೊತ್ತಿಲ್ಲ. ಮಾಸ್ತರರು ದಿನಾ ಮೊಬೈಲು ನೋಡುತ್ತಾರೆ. ಕ್ಷಾಂತಮಣಿ ದಿನಾ ಅಂಗಡಿಯ ಹೊಸ್ತಿಲಲ್ಲಿ ಕೂತು "ಬಂದ್ರೇನು?" ಎಂದು ಕೇಳುತ್ತಾಳೆ. ಯಾರು ಎಂದು ಅವಳೂ ಹೇಳುವುದಿಲ್ಲ, ನಿತಾಯಿಯೂ ಕೇಳುವುದಿಲ್ಲ.

ನಿನ್ನೆ ಬಂದರು. ಇಬ್ಬರು, ಒಂದು ಜೀಪು, ಒಂದು ಡಬ್ಬಿ ಬಣ್ಣ. ಬೆಂಚಿನ ಕೆಳಗಿನಿಂದ ನನಗೆ ಕಂಡದ್ದು ಅವರ ಬೂಟು. ಒಬ್ಬ ಗೋಡೆಗೆ ಬರೆಯಲು ಬಗ್ಗಿದಾಗ ಅವನ ಕೊರಳ ಗುರುತಿನ ಚೀಟಿಯೂ ಕಂಡಿತು. ಲ್ಯಾಮಿನೇಷನ್ ಮಾಡಿದ್ದು. ಮೂಲೆಯಲ್ಲಿ ಗುಳ್ಳೆ ಎದ್ದಿತ್ತು. ನಾನಾಗಿದ್ದರೆ ಹಾಗೆ ಬಿಡುತ್ತಿರಲಿಲ್ಲ.

"ಏನ್ ಬರಿಯಾಕ್ಹತ್ತೀರಿ?" ಎಂದು ನಿತಾಯಿ ಕೇಳಿದ.

"ಏನಿಲ್ರಿ, ಮನಿ ನಂಬರ್. ಬರೇ ಎಣಿಕಿ."

"ಎದಕ್ರಿ?"

"ನಮಗೂ ಹೇಳಿಲ್ರಿ."

ಬಣ್ಣ ಕೆಂಪು. ಗೋಡೆಯಿಂದ ಒಂದು ಹನಿ ಇಳಿದು ಹೊಸ್ತಿಲಿಗೆ ಬಂತು. ಜೀಪು ಪಕ್ಕದ ಮನೆಗೆ ಹೋಯಿತು.

"ಏನ್ ಬರದ್ರು?" ಎಂದಳು ಕ್ಷಾಂತಮಣಿ.

"ನಂಬರ್, ಅಮ್ಮಾ."

"ನಮ್ದು ಐತಲ್ಲ ಒಂದು ನಂಬರ್" ಎಂದಳು ಅವಳು. ಸೆರಗಿನ ಗಂಟು ಹಿಡಿದುಕೊಂಡು, ಜೀಪು ಹೋದ ದಿಕ್ಕಿಗೆ, ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು: "ನಾನೂರ ಹದಿನೇಳು."

ಹೌದು, ನಾನೂರ ಹದಿನೇಳು. ನಾನು ಓದಿದ್ದೇನೆ.